ಲೋಹದ ಡಬ್ಬದೊಳಗೆ ಆಂಟೆನಾದ ವಿಕಿರಣ ದಕ್ಷತೆ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಆಂಟೆನಾಗಳ ಜೊತೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಬೋರ್ಡ್ ಇಟ್ಟುಕೊಳ್ಳೋಣ: ತೋಟದಲ್ಲಿ ಮಣ್ಣಿನ ತೇವ ಅಳೆದು ಲೋರಾ ಎಂಬ ದೂರಗಾಮಿ ರೇಡಿಯೊ ಮೂಲಕ ಕಳಿಸುವ, 8 ಸೆಂ.ಮೀ. ಉದ್ದದ ಸರ್ಕ್ಯೂಟ್ ಬೋರ್ಡ್. ಭಾರತದಲ್ಲಿ ಇಂಥವು 865 ಮೆಗಾಹರ್ಟ್ಸ್‌ನಿಂದ ಶುರುವಾಗುವ, ಲೈಸೆನ್ಸ್ ಬೇಡದ ಆವರ್ತನ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಲೆಕ್ಕಕ್ಕೆ 866 ಮೆಗಾಹರ್ಟ್ಸ್ ಹಿಡಿದರೆ ತರಂಗಾಂತರ 346 ಮಿ.ಮೀ. ಆಗುತ್ತದೆ.

ಎಸ್11 ಮೈನಸ್ 20 ಡಿಬಿ ಬರುತ್ತಿದೆ. ಇಷ್ಟು ಚೆನ್ನಾಗಿರುವಾಗ ದಕ್ಷತೆಯನ್ನು ಬೇರೆಯಾಗಿ ಯಾಕೆ ಅಳೆಯಬೇಕು?

ಕೊಟ್ಟ ಶಕ್ತಿಯಲ್ಲಿ ಎಷ್ಟು ವಾಪಸ್ ಬಂತು ಎಂಬುದಷ್ಟೇ ಎಸ್11ಗೆ ಗೊತ್ತು; ಮೈನಸ್ 20 ಡಿಬಿ (ಡೆಸಿಬೆಲ್) ಎಂದರೆ ನೂರರಲ್ಲಿ 1 ಪಾಲು ವಾಪಸ್. ವಾಪಸ್ ಬರದೇ ಹೋದದ್ದು ಗಾಳಿಗೆ ಹೋಯಿತೋ, ಬೋರ್ಡಿನೊಳಗೆ ಬಿಸಿಯಾಗಿ ಕರಗಿತೋ ಅದಕ್ಕೆ ಗೊತ್ತಿಲ್ಲ. ಮೇಜಿನ ಮೇಲಿರುವ 50 ಓಮ್ ಡಮ್ಮಿ ಲೋಡನ್ನು (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಒಮ್ಮೆ ಎಸ್11 ಅಳೆಯುವ ನೆಟ್‌ವರ್ಕ್ ಅನಲೈಸರ್‌ಗೆ ಸಿಕ್ಕಿಸಿ ನೋಡಿ. ಎಸ್11 ಮೈನಸ್ 40 ಡಿಬಿಯ ಹತ್ತಿರ ಹೋಗುತ್ತದೆ, ಆದರೆ ಅದು ಹೊರಗೆ ಸೂಸುವುದು ಏನೂ ಇಲ್ಲ. ಆಂಟೆನಾದಲ್ಲಿ ನಷ್ಟ ಹೆಚ್ಚಿದಷ್ಟೂ ಎಸ್11 ಗೆರೆ ಅಗಲವಾಗಿ, ಚೆಂದವಾಗಿ ಕಾಣುವುದೇ ಇಲ್ಲಿರುವ ಅಪಾಯ. ಬ್ಯಾಂಡ್‌ವಿಡ್ತ್ ಸಿಕ್ಕಿತೆಂದು ಖುಷಿಪಟ್ಟ ವಿನ್ಯಾಸಗಳಲ್ಲಿ ಎಷ್ಟೋ ಸಲ ಸಿಕ್ಕಿದ್ದು ನಷ್ಟ. ದಕ್ಷತೆ ಶೇ 80ರಿಂದ 20ಕ್ಕೆ ಇಳಿದರೆ 6 ಡಿಬಿ ಹೋಯಿತು, ಅಂದರೆ ಅಡೆತಡೆಯಿಲ್ಲದ ಬಯಲಿನಲ್ಲಿ ಸಂಕೇತ ಮುಟ್ಟುವ ದೂರ ಅರ್ಧಕ್ಕೆ ಬಂತು. ತೋಟದ ಆಚೆ ತುದಿಯ ಸೆನ್ಸರ್ ಸುಮ್ಮನಾಗುವುದು ಹೀಗೆ.

ವಿಕಿರಣ ದಕ್ಷತೆಗೂ ಒಟ್ಟು ದಕ್ಷತೆಗೂ ಏನು ವ್ಯತ್ಯಾಸ?

ಆಂಟೆನಾ ಒಳಗೆ ತೆಗೆದುಕೊಂಡ ಶಕ್ತಿಯಲ್ಲಿ ಹೊರಗೆ ಸೂಸಿದ ಪಾಲು ವಿಕಿರಣ ದಕ್ಷತೆ. ಕೇಬಲ್ ತಂದುಕೊಟ್ಟ ಶಕ್ತಿಯಲ್ಲಿ ಹೊರಗೆ ಸೂಸಿದ ಪಾಲು ಒಟ್ಟು ದಕ್ಷತೆ. ಹೊಂದಾಣಿಕೆ ಇಲ್ಲದೆ ವಾಪಸ್ ಹೋದದ್ದೂ ಇದರಲ್ಲಿ ನಷ್ಟವೇ. ವರದಿಯಲ್ಲಿ ಯಾವುದನ್ನು ಕೊಟ್ಟಿದ್ದೀರಿ ಎಂದು ಪ್ರತಿ ಅಂಕಿಯ ಪಕ್ಕ ಬರೆಯಿರಿ. ಇಬ್ಬರು ಎಂಜಿನಿಯರ್‌ಗಳು ಇಡೀ ಮಧ್ಯಾಹ್ನ ವಾದ ಮಾಡಿ, ಕೊನೆಗೆ ಒಬ್ಬರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಹೇಳುತ್ತಿದ್ದರೆಂದು ತಿಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆಂಟೆನಾದ ಕೆಲಸವೇ ಹೊರಗೆ ಸೂಸುವುದು. ಅದನ್ನು ಲೋಹದ ಡಬ್ಬದಲ್ಲಿ ಮುಚ್ಚಿಟ್ಟರೆ ಏನು ತಿಳಿಯುತ್ತದೆ?

ಇಡೀ ವಿಧಾನದ ಜೀವ ಇರುವುದು ಈ ಪ್ರಶ್ನೆಯಲ್ಲೇ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ವೀಲರ್ 1959ರಲ್ಲಿ ಈ ಉಪಾಯವನ್ನು ಮುಂದಿಟ್ಟರು. ರೇಡಿಯೊಗಳಲ್ಲಿ ಸದ್ದಿನ ಮಟ್ಟವನ್ನು ತಾನಾಗಿಯೇ ಸರಿದೂಗಿಸುವ ಸರ್ಕ್ಯೂಟನ್ನು 1920ರ ದಶಕದಲ್ಲಿ ಕಂಡುಹಿಡಿದವರೂ ಅವರೇ. ಸಣ್ಣ ಆಂಟೆನಾದ ಸುತ್ತ ತರಂಗಾಂತರವನ್ನು 2 ಪೈಯಿಂದ ಭಾಗಿಸಿದಷ್ಟು ತ್ರಿಜ್ಯದ ಒಂದು ಗೋಲವನ್ನು ಅವರು ಕಲ್ಪಿಸಿಕೊಂಡರು. ಅದಕ್ಕೆ ಅವರಿಟ್ಟ ಹೆಸರು ರೇಡಿಯನ್‌ಸ್ಫಿಯರ್. ಗೋಲದ ಒಳಗೆ ಮೇಲುಗೈ ಆಂಟೆನಾಗೆ ಅಂಟಿಕೊಂಡೇ ಹಿಂದೆ ಮುಂದೆ ಓಡಾಡುವ ಶಕ್ತಿಯದು. ಹೊರಗೆ ಮೇಲುಗೈ ಬಿಟ್ಟುಹೋಗುವ ಅಲೆಯದು. ಆ ಗಡಿಯಲ್ಲೇ ಲೋಹದ ಮುಚ್ಚಳ ಹಾಕಿದರೆ ಹೊರಡಬೇಕಿದ್ದ ಅಲೆ ನಿಲ್ಲುತ್ತದೆ, ಒಳಗಿನ ವ್ಯವಹಾರ ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ನಡೆಯುತ್ತದೆ. ಆಂಟೆನಾದ ಮೇಲಿನ ಕರೆಂಟ್ ಬದಲಾಗಿಲ್ಲವಾದರೆ ತಾಮ್ರದಲ್ಲಿ, ಬೋರ್ಡಿನಲ್ಲಿ ಆಗುವ ನಷ್ಟವೂ ಬದಲಾಗಿಲ್ಲ.

ಹಾಗಾಗಿ ಡಬ್ಬದಲ್ಲಿ ನೀವು ಅಳೆಯುವುದು ಸೂಸಿದ ಶಕ್ತಿಯನ್ನಲ್ಲ, ನಷ್ಟವನ್ನು. ಮುಚ್ಚಳವಿಲ್ಲದಾಗ ಸಿಗುವುದು ವಿಕಿರಣ ಮತ್ತು ನಷ್ಟ ಸೇರಿದ ಮೊತ್ತ. ಮುಚ್ಚಳವಿದ್ದಾಗ ಸಿಗುವುದು ಬರೀ ನಷ್ಟ. ಒಂದರಿಂದ ಇನ್ನೊಂದನ್ನು ಕಳೆದರೆ ವಿಕಿರಣ. ಮುಂದೆ ಓದುವ ಎಲ್ಲ ಎಚ್ಚರಿಕೆಗಳೂ ಬರುವುದು ಒಂದೇ ಷರತ್ತಿನಿಂದ: ಮುಚ್ಚಳ ಹಾಕಿದಾಗಲೂ ನಷ್ಟ ಅಷ್ಟೇ ಇರಬೇಕು.

ಡಬ್ಬ ಎಷ್ಟು ದೊಡ್ಡದಿರಬೇಕು?

866 ಮೆಗಾಹರ್ಟ್ಸ್‌ಗೆ 346ನ್ನು 6.28ರಿಂದ ಭಾಗಿಸಿದರೆ 55 ಮಿ.ಮೀ. ಬರುತ್ತದೆ. ಆಂಟೆನಾದ ಯಾವ ಭಾಗದಿಂದಲೂ ಗೋಡೆ ಸುಮಾರು ಅಷ್ಟು ದೂರವಿರಲಿ. ನಮ್ಮ ಬೋರ್ಡ್ 8 ಸೆಂ.ಮೀ. ಉದ್ದ, ಕರೆಂಟ್ ಇಡೀ ಬೋರ್ಡಿನ ಗ್ರೌಂಡ್ ತಾಮ್ರದ ಮೇಲೆ ಹರಿಯುತ್ತದೆ. ಹಾಗಾಗಿ 4 ಸೆಂ.ಮೀ.ಗೆ 5.5 ಸೇರಿಸಿ ಒಳತ್ರಿಜ್ಯ 9.5 ಸೆಂ.ಮೀ., ಅಂದರೆ 19 ಸೆಂ.ಮೀ. ವ್ಯಾಸದ ಡಬ್ಬ. 2.45 ಗಿಗಾಹರ್ಟ್ಸ್‌ನ ವೈಫೈ, ಬ್ಲೂಟೂತ್ ಆಂಟೆನಾಗಳಿಗಾದರೆ ಆ ಅಂತರ 19.5 ಮಿ.ಮೀ. ಸಾಕು. ಆಕಾರ ಗೋಲವೇ ಆಗಬೇಕೆಂದಿಲ್ಲ. ಚೌಕ, ಸಿಲಿಂಡರ್ ಎರಡೂ ನಡೆಯುತ್ತವೆ.

ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಮುಚ್ಚಿದ ಲೋಹದ ಡಬ್ಬಕ್ಕೆ ತನ್ನದೇ ಅನುರಣನ (ರೆಸೊನೆನ್ಸ್) ಆವರ್ತನಗಳಿವೆ. 19 ಸೆಂ.ಮೀ. ವ್ಯಾಸ, 14 ಸೆಂ.ಮೀ. ಎತ್ತರದ ಸಿಲಿಂಡರ್‌ನ ಮೊದಲ ಅನುರಣನ 1.21 ಗಿಗಾಹರ್ಟ್ಸ್ ಹತ್ತಿರ ಬೀಳುತ್ತದೆ, ನಮ್ಮ 866ರಿಂದ ಸಾಕಷ್ಟು ಮೇಲೆ. ಅದರ ಬದಲು 30 ಸೆಂ.ಮೀ. ವ್ಯಾಸ, 25 ಸೆಂ.ಮೀ. ಎತ್ತರದ ಪಾತ್ರೆ ತಂದರೆ ಅದು 765 ಮತ್ತು 838 ಮೆಗಾಹರ್ಟ್ಸ್‌ಗಳಲ್ಲಿ ಅನುರಣಿಸುತ್ತದೆ. ಅಂಥ ಜಾಗದಲ್ಲಿ ಡಬ್ಬದ ಗೋಡೆಗಳಲ್ಲಿ ಹರಿಯುವ ಕರೆಂಟ್ ವಿಪರೀತವಾಗಿ, ಗೋಡೆಯ ನಷ್ಟವೆಲ್ಲ ನಿಮ್ಮ ಆಂಟೆನಾದ ಲೆಕ್ಕಕ್ಕೆ ಸೇರುತ್ತದೆ. ದಕ್ಷತೆಯ ಗೆರೆಯಲ್ಲಿ ಎಲ್ಲೋ ಒಂದು ಕಡೆ ಚೂಪಾದ ಗುಂಡಿ ಕಂಡರೆ ಮೊದಲು ಡಬ್ಬದ ಅಳತೆ ಹಿಡಿದು ಅನುರಣನ ಲೆಕ್ಕ ಹಾಕಿ, ಆಮೇಲೆ ಆಂಟೆನಾವನ್ನು ಅನುಮಾನಿಸಿ.

ಅಡುಗೆಮನೆಯ ಸ್ಟೀಲ್ ಡಬ್ಬ ಆಗುತ್ತದೆಯೇ?

ಆಕಾರ, ಅಳತೆ ಎಲ್ಲ ಹೇಳಿ ಮಾಡಿಸಿದಂತಿರುತ್ತದೆ, ಲೋಹ ಮಾತ್ರ ಅಷ್ಟು ಒಳ್ಳೆಯದಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನ ವಾಹಕತೆ ತಾಮ್ರದ ನಲವತ್ತನೇ ಒಂದು ಪಾಲಿನಷ್ಟು. ಮೇಲ್ಮೈ ರೋಧ ವರ್ಗಮೂಲದ ಲೆಕ್ಕದಲ್ಲಿ ಏರುವುದರಿಂದ ಗೋಡೆಯ ನಷ್ಟ ತಾಮ್ರಕ್ಕಿಂತ ಸುಮಾರು ಆರು ಪಟ್ಟು. ಒಳಗಡೆ ಪೂರ್ತಿ ತಾಮ್ರದ ಟೇಪ್ ಅಂಟಿಸಿದರೆ ಈ ಚಿಂತೆ ಹೋಗುತ್ತದೆ. 1 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದೊಳಗೆ ಇಳಿಯುವುದು ಬರೀ 2 ಮೈಕ್ರೊಮೀಟರ್ ಆಳಕ್ಕೆ, ಹಾಗಾಗಿ ತೆಳು ಟೇಪ್ ಧಾರಾಳ ಸಾಕು. ಅಲ್ಯೂಮಿನಿಯಂ ಡಬ್ಬ ಸಿಕ್ಕರೆ ಟೇಪೂ ಬೇಡ.

ಲೋಹಕ್ಕಿಂತ ಮುಖ್ಯವಾದದ್ದು ಮುಚ್ಚಳ ಕೂರುವ ಅಂಚು. ಗೋಡೆಯಲ್ಲಿ ಹರಿಯುವ ಕರೆಂಟ್ ಆ ಅಂಚನ್ನು ದಾಟಲೇಬೇಕು. ಅಲ್ಲಿ ಸಂದಿಯಿದ್ದರೆ ಆ ಸಂದಿಯೇ ಒಂದು ಸ್ಲಾಟ್ ಆಂಟೆನಾ ಆಗಿ ಶಕ್ತಿಯನ್ನು ಹೊರಗೆ ಬಿಡುತ್ತದೆ. ನನ್ನ ಮೊದಲ ಡಬ್ಬದ ಮುಚ್ಚಳ ಕೈಗೆ ಬಿಗಿಯಾಗಿಯೇ ಇತ್ತು. ಆದರೂ ಹೆಬ್ಬೆರಳಿನಿಂದ ಒತ್ತಿದಾಗಲೆಲ್ಲ ಪರದೆಯ ಮೇಲಿನ ಗೆರೆ ಒಂದು ಡಿಬಿ ಜಿಗಿಯುತ್ತಿತ್ತು, ಕೈ ತೆಗೆದರೆ ವಾಪಸ್. ದಿನವಿಡೀ ಅಳೆದದ್ದನ್ನೆಲ್ಲ ಅಳಿಸಿಹಾಕಿ, ಅಂಚಿನ ಸುತ್ತ ತಾಮ್ರದ ಟೇಪ್ ಸುತ್ತಿ, ಕ್ಲಿಪ್ ಹಾಕಿ ಮತ್ತೆ ಶುರು ಮಾಡಿದೆ. ಮುಚ್ಚಳದ ಸುತ್ತ ಒತ್ತೊತ್ತಾಗಿ ಸ್ಕ್ರೂ ಹಾಕಿದರೆ, ಇಲ್ಲವೇ ಸ್ಪ್ರಿಂಗ್‌ನಂತೆ ಒತ್ತುವ ಲೋಹದ ಪಟ್ಟಿ ಇಟ್ಟರೆ ಇನ್ನೂ ಗಟ್ಟಿ.

ಪರೀಕ್ಷೆ ಸುಲಭ: ಮುಚ್ಚಳ ಹಾಕಿದ ಮೇಲೆ ಡಬ್ಬದ ಹೊರಮೈ ಮೇಲೆಲ್ಲ ಅಂಗೈ ಆಡಿಸಿ. ಗೆರೆ ಕೂದಲೆಳೆಯಷ್ಟೂ ಅಲುಗಬಾರದು.

ಅಳೆಯುವ ಕ್ರಮ ಹೇಗೆ?

ಡಬ್ಬದ ತಳಕ್ಕೆ ಒಂದು ಎಸ್ಎಂಎ ಕನೆಕ್ಟರ್ ಬಿಗಿಯಿರಿ. ಅದರ ಹೊರಮೈ ಡಬ್ಬದ ಲೋಹಕ್ಕೆ ಸುತ್ತಲೂ ತಾಗಿರಬೇಕು. ಒಳಗಿನಿಂದ ಆಂಟೆನಾಗೆ ಆದಷ್ಟು ಚಿಕ್ಕ ಕೇಬಲ್. ಕ್ಯಾಲಿಬ್ರೇಷನ್ ಆಂಟೆನಾದ ಬುಡಕ್ಕೇ ಆಗಬೇಕು. ಅನಲೈಸರ್‌ನ ಬಾಯಿಗೆ ಮಾಡಿ ಬಿಟ್ಟರೆ ನಡುವಿನ ಕೇಬಲ್‌ನ ನಷ್ಟವೂ ಆಂಟೆನಾದ ನಷ್ಟವಾಗಿ ಲೆಕ್ಕವಾಗುತ್ತದೆ. ಬೋರ್ಡನ್ನು ಥರ್ಮೊಕೋಲ್ ತುಂಡಿನ ಮೇಲೆ ಡಬ್ಬದ ನಡುಮಧ್ಯ ಕೂರಿಸಿ. ಬ್ಯಾಟರಿ, ಪ್ಲಾಸ್ಟಿಕ್ ಹೊರಕವಚ ಏನೇನು ಮಾರಾಟದ ಸಾಧನದಲ್ಲಿ ಇರುತ್ತದೋ ಅದೆಲ್ಲ ಜಾಗದಲ್ಲಿರಲಿ.

ಮೊದಲು ಅದೇ ಬೋರ್ಡನ್ನು ತೆರೆದ ಜಾಗದಲ್ಲಿ, ಸುತ್ತ ಒಂದು ಮೀಟರ್ ಏನೂ ಇಲ್ಲದಂತೆ ಹಿಡಿದು ಅಳೆಯಿರಿ. ಆಮೇಲೆ ಡಬ್ಬದೊಳಗೆ. ಎಸ್11 ಅನ್ನು ಒಂದು ವೃತ್ತದೊಳಗಿನ ಬಿಂದುವಾಗಿ ತೋರಿಸುವ ಸ್ಮಿತ್ ಚಾರ್ಟ್ ಪರದೆಯ ಮೇಲಿರಲಿ; ಬಿಂದು ನಡುವೆ ಇದ್ದರೆ ಏನೂ ವಾಪಸ್ ಬಂದಿಲ್ಲ, ಹೊರ ಅಂಚಿನಲ್ಲಿದ್ದರೆ ಎಲ್ಲವೂ ವಾಪಸ್. ಮುಚ್ಚಳ ಕೂರುವ ಕ್ಷಣ ನೋಡುವಂಥದ್ದು: ನಡುವಿನ ಹತ್ತಿರ ಹಾದುಹೋಗುತ್ತಿದ್ದ ಸಣ್ಣ ಸುರುಳಿ ಒಮ್ಮೆಗೇ ಉಬ್ಬಿ ಹೊರ ಅಂಚಿನ ಕಡೆ ಹಬ್ಬುತ್ತದೆ. ಅಂಚಿಗೆ ಹತ್ತಿರವಾದಷ್ಟೂ ನಷ್ಟ ಕಡಿಮೆ, ಆಂಟೆನಾ ಒಳ್ಳೆಯದು. ಮುಚ್ಚಳ ಹಾಕಿದರೂ ಸುರುಳಿ ಕದಲದೆ ಇದ್ದ ಜಾಗದಲ್ಲೇ ಇದ್ದರೆ ಅಂಕಿ ಲೆಕ್ಕ ಹಾಕುವ ಮೊದಲೇ ಉತ್ತರ ಗೊತ್ತಾಯಿತು: ಆ ಆಂಟೆನಾ ಸೂಸುತ್ತಲೇ ಇರಲಿಲ್ಲ.

ಲೆಕ್ಕ ಹಾಕುವುದು ಯಾವ ಸೂತ್ರದಲ್ಲಿ?

ಆಂಟೆನಾ ಸರಣಿ ಸರ್ಕ್ಯೂಟಿನಂತೆ ವರ್ತಿಸುತ್ತಿದ್ದರೆ ರೋಧ ಸಾಕು. ತೆರೆದಾಗ ಅನುರಣನದಲ್ಲಿ 42 ಓಮ್, ಮುಚ್ಚಿದಾಗ 11 ಓಮ್ ಎಂದುಕೊಳ್ಳಿ. 42ರಿಂದ 11 ಕಳೆದರೆ 31; ಅದನ್ನು 42ರಿಂದ ಭಾಗಿಸಿದರೆ ಶೇ 74, ಅಂದರೆ ಮೈನಸ್ 1.3 ಡಿಬಿ. ಸಮಾಂತರ ಸರ್ಕ್ಯೂಟಿನಂತಿದ್ದರೆ, ಉದಾಹರಣೆಗೆ ಬಹಳಷ್ಟು ಪ್ಯಾಚ್ ಆಂಟೆನಾಗಳು, ರೋಧದ ಬದಲು ಅದರ ವಿಲೋಮವಾದ ಕಂಡಕ್ಟೆನ್ಸ್ ತೆಗೆದುಕೊಂಡು ಇದೇ ಲೆಕ್ಕ ಮಾಡಿ. ಸರಣಿಗೆ ಸಮಾಂತರದ ಸೂತ್ರ ಹಾಕಿದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ.

ಯಾವುದೆಂದು ಗೊತ್ತಾಗದಿದ್ದರೆ ಎಸ್11 ಮೂಲಕ ಹೋಗಬಹುದು. ತೆರೆದಾಗ ಮೈನಸ್ 13 ಡಿಬಿ, ಅಂದರೆ ನೂರರಲ್ಲಿ 5 ಪಾಲು ವಾಪಸ್, 95 ಒಳಗೆ. ಮುಚ್ಚಿದಾಗ ಮೈನಸ್ 2.5 ಡಿಬಿ, ಅಂದರೆ 56 ಪಾಲು ವಾಪಸ್, 44 ಪಾಲು ನಷ್ಟ. 95ರಲ್ಲಿ 44 ಹೋದರೆ 51 ಉಳಿಯಿತು; ದಕ್ಷತೆ ಸುಮಾರು ಶೇ 54. ಇದರ ಬಲಹೀನತೆ ಏನೆಂದರೆ, ಮುಚ್ಚಳ ಹಾಕಿದಾಗ ಹೊಂದಾಣಿಕೆ ಕೆಟ್ಟು ಒಳಗೆ ಹೋಗುವ ಕರೆಂಟೇ ಕಡಿಮೆಯಾದರೆ ನಷ್ಟವೂ ಕಡಿಮೆ ಕಾಣುತ್ತದೆ, ದಕ್ಷತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಈ ತೊಡಕನ್ನು ಚೆನ್ನಾಗಿ ಬಿಡಿಸಿದವರು ಜಾನ್‌ಸ್ಟನ್ ಮತ್ತು ಮೆಕ್‌ರೋರಿ, 1998ರಲ್ಲಿ. ಅವರು ಆಂಟೆನಾವನ್ನು ಎರಡು ಬಾಯಿಯ ಪೆಟ್ಟಿಗೆಯಾಗಿ ನೋಡಿದರು: ಒಂದು ಬಾಯಿ ಕೇಬಲ್ ಕಡೆಗೆ, ಇನ್ನೊಂದು ಆಕಾಶದ ಕಡೆಗೆ. ಲೋಹದ ಗೋಡೆ ಆಕಾಶದ ಬಾಯಿಂದ ಬಂದದ್ದನ್ನು ಪೂರ್ತಿ ವಾಪಸ್ ಕಳಿಸುತ್ತದೆ. ಗೋಡೆಯನ್ನು ಸರಿಸಿದಂತೆ ವಾಪಸ್ ಬರುವ ಅಲೆಯ ಫೇಸ್ (ಏರಿಳಿತದ ಹಂತ) ಮಾತ್ರ ಬದಲಾಗುತ್ತದೆ. ಹೀಗೆ ಸರಿಸುತ್ತ ಹೋದರೆ ಒಂದೇ ಆವರ್ತನದಲ್ಲಿ ಎಸ್11 ಬಿಂದುಗಳು ಸ್ಮಿತ್ ಚಾರ್ಟ್ ಮೇಲೆ ಒಂದು ವೃತ್ತ ಬರೆಯುತ್ತವೆ. ತೆರೆದಾಗಿನ ಎಸ್11 ಬಿಂದುವಿನಿಂದ ಆ ವೃತ್ತಕ್ಕೆ ಅತಿ ಹತ್ತಿರದ ದೂರ, ಅತಿ ಹೆಚ್ಚಿನ ದೂರ ಎರಡನ್ನೂ ಅಳೆದು, ಅವುಗಳ ವಿಲೋಮಗಳನ್ನು ಕೂಡಿ, 2ನ್ನು ಆ ಮೊತ್ತದಿಂದ ಭಾಗಿಸಿದರೆ ಒಟ್ಟು ದಕ್ಷತೆ. ಅದನ್ನು ಒಳಹೋದ ಪಾಲಿನಿಂದ ಭಾಗಿಸಿದರೆ ವಿಕಿರಣ ದಕ್ಷತೆ. ಆಂಟೆನಾ ಸರಣಿಯೋ ಸಮಾಂತರವೋ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಜಾರುವ ಗೋಡೆ ಮಾಡಿಸುವ ಅನುಕೂಲವಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ದಕ್ಷತೆ ಮೈನಸ್ ಬಂತು. ಎಲ್ಲಿ ತಪ್ಪಿದೆ?

ಮುಚ್ಚಿದಾಗಿನ ನಷ್ಟ ತೆರೆದಾಗಿನ ಮೊತ್ತಕ್ಕಿಂತ ಹೆಚ್ಚು ಬಂದಿದೆ ಎಂದರ್ಥ. ಸಾಮಾನ್ಯವಾಗಿ ಸರಣಿ, ಸಮಾಂತರದ ಗೊಂದಲ, ಇಲ್ಲವೇ ಡಬ್ಬದ ಅನುರಣನ. ಮುಚ್ಚಳ ಹಾಕಿದಾಗ ಆಂಟೆನಾದ ಅನುರಣನ ಆವರ್ತನ ಸ್ವಲ್ಪ ಸರಿಯುತ್ತದೆ. ಅದನ್ನು ಗಮನಿಸದೆ ಹಳೆಯ ಆವರ್ತನದಲ್ಲೇ ರೋಧ ಓದಿದರೂ ಹೀಗಾಗಬಹುದು.

ಕೇಬಲ್ ಮುಟ್ಟಿದರೆ ಗೆರೆ ಅಲುಗುತ್ತದೆ. ಪರವಾಗಿಲ್ಲವೇ?

ಇಲ್ಲ, ಹಾಗೆ ಬಿಡುವಂತಿಲ್ಲ. ಸಣ್ಣ ಬೋರ್ಡಿನ ಗ್ರೌಂಡ್ ಸಾಲದೆ ಕರೆಂಟ್ ಕೇಬಲ್‌ನ ಹೊರಮೈಗೆ ಹರಿದು, ಕೇಬಲೇ ಆಂಟೆನಾದ ಭಾಗವಾಗಿಬಿಟ್ಟಿದೆ. ತೆರೆದ ಅಳತೆಯಲ್ಲಿ ನೀವು ನೋಡುತ್ತಿರುವುದು ಬೋರ್ಡ್ ಮತ್ತು ಒಂದು ಮೀಟರ್ ಕೇಬಲ್ ಎರಡೂ ಸೇರಿದ ಆಂಟೆನಾ. ಡಬ್ಬದೊಳಗೆ ನೋಡುವುದು ಬರೀ ಬೋರ್ಡ್. ಬೇರೆ ಬೇರೆ ಎರಡು ಆಂಟೆನಾಗಳನ್ನು ಹೋಲಿಸಿದಂತಾಯಿತು. ಕೇಬಲ್‌ಗೆ ಆ ಆವರ್ತನದಲ್ಲಿ ಕೆಲಸ ಮಾಡುವ ಫೆರೈಟ್ ಮಣಿಗಳನ್ನು ಹಾಕಿ, ಇಲ್ಲವೇ ಹೊರಮೈಯ ಕರೆಂಟ್ ತಡೆಯುವ, ಕಾಲು ತರಂಗಾಂತರದ ತೋಳಿನಂಥ ಬಾಲುನ್ ಕಟ್ಟಿ. ಕೇಬಲ್ ಉದ್ದಕ್ಕೂ ಕೈ ಸವರಿದರೆ ಗೆರೆ ಅಲುಗಬಾರದು, ಅಲ್ಲಿವರೆಗೆ ಅಳತೆ ಶುರು ಮಾಡಬೇಡಿ.

ನನ್ನ ಡಬ್ಬ ಸರಿಯಾಗಿ ಅಳೆಯುತ್ತಿದೆ ಎಂದು ನಂಬುವುದು ಹೇಗೆ?

ಉತ್ತರ ಗೊತ್ತಿರುವ ಆಂಟೆನಾವನ್ನು ಅಳೆಯಿರಿ. ಡಬ್ಬದ ತಳದ ಎಸ್ಎಂಎ ಮೇಲೆ ದಪ್ಪ ತಾಮ್ರದ ತಂತಿಯನ್ನು ಕಾಲು ತರಂಗಾಂತರ, ಅಂದರೆ 86 ಮಿ.ಮೀ. ಉದ್ದಕ್ಕೆ ನಿಲ್ಲಿಸಿ. ತೆರೆದ ಅಳತೆಗೆ ಅದೇ ತಂತಿ ಅಗಲವಾದ ಲೋಹದ ತಗಡಿನ ಮೇಲೆ ನಿಲ್ಲಬೇಕು. ಇದರ ವಿಕಿರಣ ರೋಧ ಸುಮಾರು 36 ಓಮ್, ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಈಗ ಬುಡದಲ್ಲಿ 10 ಓಮ್‌ನ ಸಣ್ಣ ಚಿಪ್ ರೆಸಿಸ್ಟರ್ ಬೆಸುಗೆ ಹಾಕಿ: ದಕ್ಷತೆ ಶೇ 78ರ ಆಸುಪಾಸು ಬರಬೇಕು. 36 ಓಮ್‌ಗೆ ಹತ್ತಿರದ್ದು ಹಾಕಿದರೆ ಶೇ 50. ಬೇಕೆಂದೇ ನಷ್ಟ ಸೇರಿಸಿ ಅದು ಅಳತೆಯಲ್ಲಿ ಸರಿಯಾಗಿ ಕಾಣುತ್ತದೆಯೇ ನೋಡುವ ಈ ಪರೀಕ್ಷೆಯಷ್ಟು ಧೈರ್ಯ ನನಗೆ ಬೇರೆ ಯಾವುದೂ ಕೊಟ್ಟಿಲ್ಲ.

ತೀರಾ ಕಡಿಮೆ ದಕ್ಷತೆಯ ಆಂಟೆನಾಗಳಿಗೂ ಇದು ಆಗುತ್ತದೆಯೇ?

ಕಷ್ಟ. ತೆರೆದಾಗ 42 ಓಮ್, ಮುಚ್ಚಿದಾಗ 40 ಓಮ್ ಬಂದರೆ ದಕ್ಷತೆ ಶೇ 4.8. ಅಳತೆಯಲ್ಲಿ 1 ಓಮ್ ಆಚೀಚೆಯಾದರೆ ಅದು ಶೇ 2.4 ಆಗಬಹುದು, ಶೇ 7 ಆಗಬಹುದು; ಎರಡಕ್ಕೂ ನಡುವೆ ಸುಮಾರು 5 ಡಿಬಿ ಅಂತರ. ಅದೇ 1 ಓಮ್ ತಪ್ಪು ಶೇ 74ರ ಆಂಟೆನಾದಲ್ಲಿ ಕಣ್ಣಿಗೂ ಬೀಳುವುದಿಲ್ಲ.

ಆಂಟೆನಾ ದೊಡ್ಡದು, ಅಥವಾ ಬಹಳ ಅಗಲದ ಆವರ್ತನ ಪಟ್ಟಿಯದು. ಆಗೇನು?

ಆಗ ಡಬ್ಬದ ಅನುರಣನಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಅವುಗಳನ್ನೇ ದುಡಿಸಿಕೊಳ್ಳುವ ದಾರಿ ಹಿಡಿಯುತ್ತಾರೆ. ಅದೇ ರಿವರ್ಬರೇಷನ್ ಚೇಂಬರ್: ಅಲೆಗಳು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುವ ಲೋಹದ ಕೋಣೆ. 1968ರಲ್ಲಿ ಮೆಂಡೆಸ್ ಎಂಬವರು ಇದನ್ನು ಸೂಚಿಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಪರ್-ಸೈಮನ್ ಶಿಲ್ದಾಲ್ ಅವರ ತಂಡ ಸಣ್ಣ ಆಂಟೆನಾ, ಮೊಬೈಲ್ ಫೋನ್‌ಗಳ ಅಳತೆಗೆ ಇದನ್ನು ಒಗ್ಗಿಸಿತು. ಒಳಗೆ ದೊಡ್ಡ ಲೋಹದ ರೆಕ್ಕೆಗಳು ತಿರುಗುತ್ತವೆ. ಪ್ರತಿ ತಿರುವಿಗೂ ಒಳಗಿನ ಕ್ಷೇತ್ರ ಬೇರೆ ಚಿತ್ತಾರವಾಗುತ್ತದೆ. ನೂರಾರು ಚಿತ್ತಾರಗಳ ಸರಾಸರಿ ತೆಗೆದರೆ ಆಂಟೆನಾ ಯಾವ ದಿಕ್ಕಿಗೆ ಸೂಸುತ್ತದೆ ಎಂಬುದು ಅಳಿಸಿಹೋಗಿ ಒಟ್ಟು ಎಷ್ಟು ಸೂಸಿತು ಎಂಬುದು ಮಾತ್ರ ಉಳಿಯುತ್ತದೆ.

ಕೋಣೆ ಸಾಕಷ್ಟು ದೊಡ್ಡದಿರಬೇಕು. 2 ಘನ ಮೀಟರ್ ಕೋಣೆಯಲ್ಲಿ 866 ಮೆಗಾಹರ್ಟ್ಸ್‌ವರೆಗೆ ಸುಮಾರು 400 ಅನುರಣನಗಳಿವೆ, ನೆಮ್ಮದಿಯಾಗಿ ಅಳೆಯಬಹುದು. 433 ಮೆಗಾಹರ್ಟ್ಸ್‌ವರೆಗೆ 50 ಮಾತ್ರ. ಸರಾಸರಿ ನಂಬಲು ಅದು ಸಾಲದು.

ಹೋಲಿಸಲು ರೆಫರೆನ್ಸ್ ಆಂಟೆನಾ ಬೇಕೇ ಬೇಕೇ?

ಇದ್ದರೆ ಕೆಲಸ ಸುಲಭ. ನಿಮ್ಮ ಆಂಟೆನಾದಿಂದ ಬಂದ ಸರಾಸರಿ ಶಕ್ತಿಯನ್ನು, ದಕ್ಷತೆ ಗೊತ್ತಿರುವ ಆಂಟೆನಾದಿಂದ ಬಂದ ಸರಾಸರಿ ಶಕ್ತಿಯಿಂದ ಭಾಗಿಸಿ, ಆ ಗೊತ್ತಿರುವ ದಕ್ಷತೆಯಿಂದ ಗುಣಿಸಿದರೆ ಉತ್ತರ. ಎರಡೂ ಆಂಟೆನಾಗಳು ಎರಡೂ ಅಳತೆಗಳಲ್ಲಿ ಕೋಣೆಯೊಳಗೇ ಇರಬೇಕು, ಬಳಸದಿರುವುದಕ್ಕೆ 50 ಓಮ್ ಲೋಡ್ ಸಿಕ್ಕಿಸಿರಬೇಕು; ಇಲ್ಲದಿದ್ದರೆ ಕೋಣೆ ಹೀರುವ ಶಕ್ತಿಯೇ ಬದಲಾಗುತ್ತದೆ.

ರೆಫರೆನ್ಸ್ ಇಲ್ಲದೆಯೂ ಆಗುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಹಾಲೋವೆ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ನನಗೆ ಈ ವಿಷಯದಲ್ಲಿ ಅತಿ ಪ್ರಿಯವಾದ ಭೌತಶಾಸ್ತ್ರ ಇರುವುದು ಇಲ್ಲೇ. ಕೋಣೆಯಲ್ಲಿ ಶಕ್ತಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅದು ಕ್ಷೀಣಿಸುವ ವೇಗದಿಂದಲೇ ಅಳೆಯಬಹುದು. ಗುಡಿಯ ಗಂಟೆ ಎಷ್ಟು ಜೋರಾಗಿ ಹೊಡೆದರೂ ಅದರ ನಾದ ಕರಗುವ ವೇಗ ಬದಲಾಗದಂತೆ, ಆ ವೇಗಕ್ಕೂ ನಿಮ್ಮ ಆಂಟೆನಾ ಎಷ್ಟು ಶಕ್ತಿ ಒಳಗೆ ಹಾಕಿತು ಎಂಬುದಕ್ಕೂ ಸಂಬಂಧವಿಲ್ಲ. ಆ ವೇಗದಿಂದ, ನಷ್ಟವಿಲ್ಲದ ಆಂಟೆನಾ ಇದ್ದಿದ್ದರೆ ಎಷ್ಟು ಶಕ್ತಿ ಕಾಣಬೇಕಿತ್ತು ಎಂದು ಲೆಕ್ಕ ಸಿಗುತ್ತದೆ. ನಿಜವಾಗಿ ಕಂಡದ್ದು ಅದಕ್ಕಿಂತ ಎಷ್ಟು ಕಡಿಮೆಯೋ ಅದು ಆಂಟೆನಾದ ನಷ್ಟ.

ಒಂದೇ ಆಂಟೆನಾದಿಂದ ಕಳಿಸಿ ಅದರಲ್ಲೇ ಹಿಡಿದರೂ ನಡೆಯುತ್ತದೆ. ಆಗ ಹಿಡಿದ ಸರಾಸರಿ ಶಕ್ತಿ ಎರಡು ಪಟ್ಟು ಇರುತ್ತದೆ. ಅಲೆ ಗೋಡೆಗಳನ್ನು ಸುತ್ತಿ ವಾಪಸ್ ಬರುವ ಪ್ರತಿ ದಾರಿಗೂ, ಅದೇ ದಾರಿಯನ್ನು ಉಲ್ಟಾ ಕ್ರಮಿಸಿ ಬರುವ ಜೊತೆಗಾರ ಅಲೆ ಒಂದಿದೆ. ಇಬ್ಬರೂ ಅಷ್ಟೇ ದೂರ ಬಂದಿರುವುದರಿಂದ ಹೆಜ್ಜೆ ತಪ್ಪದೆ ಒಟ್ಟಿಗೆ ಕೂಡುತ್ತಾರೆ. ಅಲೆ ಹೋಗುವಾಗ, ಬರುವಾಗ ಎರಡು ಸಲ ಆಂಟೆನಾವನ್ನು ದಾಟುವುದರಿಂದ ಕೊನೆಯಲ್ಲಿ ವರ್ಗಮೂಲ ತೆಗೆಯಬೇಕು.

ಎಷ್ಟು ಸ್ಯಾಂಪಲ್ ಬೇಕು?

ಒಂದಕ್ಕೊಂದು ಸಂಬಂಧವಿಲ್ಲದ 100 ಚಿತ್ತಾರಗಳಿದ್ದರೆ ಸರಾಸರಿಯ ಅನಿಶ್ಚಿತತೆ ಶೇ 10, ಸುಮಾರು 0.4 ಡಿಬಿ. 400 ಇದ್ದರೆ ಶೇ 5, ಸುಮಾರು 0.2 ಡಿಬಿ. ರೆಕ್ಕೆಯನ್ನು ಅರ್ಧ ಡಿಗ್ರಿ ತಿರುಗಿಸಿ ತೆಗೆದ ಎರಡು ಅಳತೆಗಳು ಹೆಚ್ಚುಕಡಿಮೆ ಒಂದೇ ಚಿತ್ತಾರ; ಅವನ್ನು ಎರಡೆಂದು ಎಣಿಸಬೇಡಿ.

ಮೈಗೆ ಕಟ್ಟುವ ಸಾಧನವನ್ನು ವೀಲರ್ ಡಬ್ಬದಲ್ಲಿ ಅಳೆಯಬಹುದೇ?

ಬೇಡ. ಮೈಯಲ್ಲಿ ಆಗುವ ನಷ್ಟ ಆಂಟೆನಾದ ಸಮೀಪ ಕ್ಷೇತ್ರದಾಚೆಗೂ ಹಬ್ಬಿರುತ್ತದೆ. ಮುಚ್ಚಳ ಎಲ್ಲಿ ಇಟ್ಟರೂ ಆ ನಷ್ಟದ ಒಂದು ಭಾಗ ಹೊರಗೇ ಉಳಿಯುತ್ತದೆ. ದೇಹವನ್ನು ಅನುಕರಿಸುವ ದ್ರಾವಣದ ಜೊತೆ ರಿವರ್ಬರೇಷನ್ ಚೇಂಬರ್‌ಗೆ ಹೋಗಿ.

ನ್ಯಾನೋ ವಿಎನ್‌ಎ ಎಂಬ ಅಂಗೈಯಗಲದ ಅನಲೈಸರ್ ಸಾಕೇ?

866 ಮೆಗಾಹರ್ಟ್ಸ್‌ನ ವೀಲರ್ ಡಬ್ಬಕ್ಕೆ ಸಾಕು, ಕ್ಯಾಲಿಬ್ರೇಷನ್ ಮಾತ್ರ ತಾಳ್ಮೆಯಿಂದ ಮಾಡಬೇಕು. ಒಳ್ಳೆಯ ಆಂಟೆನಾಗೆ ಮುಚ್ಚಳ ಹಾಕಿದಾಗ ಎಸ್11 ಮೈನಸ್ 0.5 ಡಿಬಿಯಷ್ಟೇ ಇರುತ್ತದೆ, ಅಲ್ಲಿ 0.1 ಡಿಬಿ ತಪ್ಪಾದರೆ ದಕ್ಷತೆಯಲ್ಲಿ ಶೇ 2 ಆಚೀಚೆ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಅದಕ್ಕೆ ಬಳಸಿದ ಶಾರ್ಟ್ (ಶಕ್ತಿಯನ್ನೆಲ್ಲ ವಾಪಸ್ ಕಳಿಸುವ ತುಂಡು) ಮತ್ತೆ ಸಿಕ್ಕಿಸಿ ನೋಡಿ. ಗೆರೆ ಸೊನ್ನೆ ಡಿಬಿಯ ಮೇಲೆ ನೆಟ್ಟಗೆ ಕೂತಿರಬೇಕು. ಕೂತಿಲ್ಲವಾದರೆ ಕನೆಕ್ಟರ್‌ಗಳನ್ನು ಒರೆಸಿ, ಮತ್ತೆ ಮೊದಲಿನಿಂದ ಕ್ಯಾಲಿಬ್ರೇಟ್ ಮಾಡಿ.